ಹಂಡೆ ಒಲೆಗರ್ಧ, ಉಳಿಗರ್ಧ

ನೀರು ತುಂಬುವ ಹಬ್ಬದ ಬೆಳಿಗ್ಗೆ. ಬಾಳೂರು ಹ್ಯಾಂಡ್‌ಪೋಸ್ಟ್‌ನಿಂದ ಒಳಗೆ ಹೋದರೆ ಸಿಗುವ ಒಂದು ತೋಟದ ಮನೆಯ ಕಾಫಿ ಕಣ. ಮೂಲೆಯಲ್ಲಿ ಕಿತ್ತು ತಂದ ಕಾಫಿ ಗಿಡಗಳ ರಾಶಿ, ಬೇರಿಗೆ ಮೆತ್ತಿದ ಮಣ್ಣು ಇನ್ನೂ ಹಸಿ. ರಾಶಿಯ ಎದುರು ಕುಕ್ಕರಗಾಲಲ್ಲಿ ಕೂತ ಆಚಾರ್ರು ಒಂದೊಂದೇ ಬೊಡ್ಡೆ ಎಳೆದುಕೊಂಡು ಗರಗಸ ಆಡಿಸುತ್ತಾರೆ, ಕೊಯ್ದ ಮುಖವನ್ನು ಬಿಸಿಲಿಗೆ ಹಿಡಿದು ನೋಡುತ್ತಾರೆ, ‘ಒಲೆಗೆ’ ಅಂತ ಎಡಕ್ಕೆ ಇಲ್ಲವೇ ‘ಉಳಿಗೆ’ ಅಂತ ಬಲಕ್ಕೆ ಎಸೆಯುತ್ತಾರೆ. ಎಡಗಡೆಯ ಗುಡ್ಡೆಯೇ ಯಾವಾಗಲೂ ದೊಡ್ಡದು.

ಈ ಮನೆಯಲ್ಲಿ ದೀಪಾವಳಿ ಎಂದರೆ ಪಟಾಕಿಗಿಂತ ಮರಗೆಲಸ ಹೆಚ್ಚು. ಏಳೆಂಟು ವರ್ಷಗಳಿಂದ ಹಬ್ಬದ ಮೂರ್ನಾಲ್ಕು ದಿನ ಗೆಳೆಯರು ಇಲ್ಲಿ ಸೇರಿ ಕಾಫಿ ಬೊಡ್ಡೆಯಿಂದ ಏನಾದರೂ ಮಾಡುವುದು ರೂಢಿ. ಕಳಸದ ನಿವೃತ್ತ ಮೇಷ್ಟ್ರು, ಮೂಡಿಗೆರೆಯ ಬ್ಯಾಂಕಿನವರು, ಬೆಂಗಳೂರಿನಿಂದ ರಜೆಗೆ ಬರುವ ಸಾಫ್ಟ್‌ವೇರ್ ಹುಡುಗರಿಬ್ಬರು, ನಾನು. ನಮ್ಮಲ್ಲಿ ಕಸುಬು ಬಲ್ಲವರು ಆಚಾರ್ರು ಒಬ್ಬರೇ. ಉಳಿದವರು ಕೈ ಕುಯ್ದುಕೊಳ್ಳುವುದರಲ್ಲಿ ಪಳಗಿದವರು.

ಎಡಗಡೆ ಗುಡ್ಡೆ ದೊಡ್ಡದಾಗಲು ಕಾರಣ ಒಂದು ಹುಳ. ಬಿಳಿ ಕಾಂಡಕೊರಕ ಎಂದು ಪುಸ್ತಕದಲ್ಲಿ ಬರೆದರೂ ತೋಟದಲ್ಲಿ ಎಲ್ಲರ ಬಾಯಲ್ಲಿ ಅದು ಬೋರರ್. ಕಪ್ಪು ರೆಕ್ಕೆಯ ಮೇಲೆ ಬಿಳಿ ಪಟ್ಟೆಯಿರುವ ಸಣ್ಣ ದುಂಬಿ ಅರೇಬಿಕಾ ಗಿಡದ ತೊಗಟೆಯ ಸೀಳಿನಲ್ಲಿ ಮೊಟ್ಟೆಯಿಡುತ್ತದೆ. ನೆರಳು ಕಮ್ಮಿಯಾಗಿ ಬಿಸಿಲು ಬೀಳುವ ಕಾಂಡವೆಂದರೆ ಅದಕ್ಕೆ ಇನ್ನೂ ಇಷ್ಟ. ಮರಿಹುಳ ತಿಂಗಳುಗಟ್ಟಲೆ ಒಳಗೇ ಇದ್ದು ಮರ ತಿಂದು, ತಾನು ಬಂದ ದಾರಿಯನ್ನು ಪುಡಿಯಿಂದ ಮುಚ್ಚುತ್ತಾ ಹೋಗುತ್ತದೆ. ಹೊರಗಿನಿಂದ ಕಾಣುವುದು ಕಾಂಡದ ಮೇಲೊಂದು ಉಬ್ಬು, ಹಳದಿಗೆ ತಿರುಗಿದ ಎಲೆ, ಅಷ್ಟೇ. ದುಂಬಿ ಹೊರಬೀಳುವುದು ಏಪ್ರಿಲ್–ಮೇನಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ. ಹಾಗಾಗಿ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಗಿಡಗಿಡ ಬಗ್ಗಿ ನೋಡಿ, ಹುಳ ಹಿಡಿದದ್ದನ್ನು ಕಿತ್ತು ಸುಡಬೇಕು. ಕಾಫಿ ಮಂಡಳಿಯ ಮಾತು ಇದೇ. ಬೆಳೆಗಾರನಿಗೆ ಇದಕ್ಕಿಂತ ಸಂಕಟದ ಕೆಲಸ ಇನ್ನೊಂದಿಲ್ಲ, ಯಾಕೆಂದರೆ ಕೀಳುವ ಗಿಡದ ಮೇಲೆ ಆಗಲೇ ಕಾಯಿ ತುಂಬಿರುತ್ತದೆ.

ಇದು ಇವತ್ತಿನ ಪೀಡೆಯೂ ಅಲ್ಲ. 1860ರ ದಶಕದಲ್ಲಿ ಮೈಸೂರು ಸೀಮೆಯ ‘ಚಿಕ್’ ತಳಿಯ ಕಾಫಿಯನ್ನು ನೆಲಕಚ್ಚಿಸಿದ್ದರಲ್ಲಿ ಈ ಕೊರಕದ ಪಾಲು ದೊಡ್ಡದು. ಆಮೇಲೆ ಕೊಡಗಿನಿಂದ ಬೀಜ ತಂದು ತೋಟಗಳನ್ನು ಮತ್ತೆ ಎಬ್ಬಿಸಿದರು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ನೂರು ವರ್ಷದಲ್ಲಿ ಎಸ್. 795, ಚಂದ್ರಗಿರಿ ಎಂದು ತಳಿ ಮೇಲೆ ತಳಿ ಕೊಟ್ಟಿದೆ. ಬೋರರ್ ಮಾತ್ರ ಇನ್ನೂ ಇದೆ.

ಸೆಪ್ಟೆಂಬರ್‌ನಲ್ಲಿ ಶುರುವಾದ ಹುಡುಕಾಟ ಇಲ್ಲಿ ಮಳೆ ಬಿಡದೆ ಮುಂದಕ್ಕೆ ಹೋಗುತ್ತಾ ಹೋಗುತ್ತಾ ದೀಪಾವಳಿ ಹತ್ತಿರ ಬಂದುಬಿಡುತ್ತದೆ. ಅರೇಬಿಕಾ ಕೊಯ್ಲಿಗೆ ಇನ್ನೂ ಕೆಲವು ವಾರ ಇರುತ್ತವೆ. ಹಣ್ಣು ಬಂದ ಮೇಲೆ ಕಣದಲ್ಲಿ ಕಾಲಿಡಲೂ ಜಾಗವಿರುವುದಿಲ್ಲ; ಈಗ ಗುಡಿಸಿಟ್ಟ ಕಣ ಖಾಲಿ ಬಿದ್ದಿದೆ. ಕಿತ್ತ ಗಿಡ, ಖಾಲಿ ಕಣ, ರಜೆಗೆ ಬಂದ ನೆಂಟರಿಷ್ಟರು ಒಟ್ಟಿಗೆ ಸೇರುವುದು ವರ್ಷದಲ್ಲಿ ಇದೊಂದೇ ಸಲ.

ಹಾಗಂತ ಇವತ್ತು ಕಿತ್ತದ್ದನ್ನು ಇವತ್ತೇ ಕೆತ್ತಲಿಕ್ಕಾಗುವುದಿಲ್ಲ. ಕಾಫಿ ಮರ ತೂಕದ್ದು, ಗಟ್ಟಿ, ನುಣುಪು. ಬಣ್ಣ ಬೆಣ್ಣೆಯ ಹಾಗೆ ತಿಳಿಹಳದಿ. ಆದರೆ ಅವಸರದಲ್ಲಿ ಒಣಗಿಸಿದರೆ ನಡುವಿನಿಂದ ಅಂಚಿನವರೆಗೆ ಸೀಳುತ್ತದೆ. ಮೊದಲ ವರ್ಷ ನಾನು ಆಸೆಗೆ ಬಿದ್ದು ಹಸಿ ಬೊಡ್ಡೆಯನ್ನೇ ಮೈಸೂರಿಗೆ ಒಯ್ದು ತಾರಸಿಯ ಬಿಸಿಲಿಗಿಟ್ಟೆ. ನಾಲ್ಕನೇ ದಿನ ರಾತ್ರಿ ಪಟ್ಟನೆ ಸದ್ದಾಯಿತು, ಕಳ್ಳ ಬಂದನೆಂದೇ ತಿಳಿದಿದ್ದೆ. ಇಲ್ಲಿ ಉಳಿಗೆ ಎಂದು ಬೇರೆ ಮಾಡಿದ ತುಂಡುಗಳ ಎರಡೂ ತುದಿಗೆ ಮೇಣ ಬಳಿದು, ಅಡುಗೆಮನೆಯ ಅಟ್ಟಕ್ಕೆ ಏರಿಸುತ್ತಾರೆ. ಒಂದು ಮಳೆಗಾಲವಿಡೀ ಅದು ಒಲೆಯ ಹೊಗೆ ಕುಡಿಯಬೇಕು. ಅಂದರೆ ಈ ಹಬ್ಬಕ್ಕೆ ಉಳಿ ಹಾಕುವುದು ಹೋದ ಹಬ್ಬದ ಬೊಡ್ಡೆಗೆ.

ಆರಿಸುವುದರಲ್ಲಿ ಆಚಾರ್ರು ಕಟುಕರು. ಹುಳದ ಹಾದಿ ಒಂದು ಕಂಡರೂ ಅದಿರುವಷ್ಟು ಭಾಗ ಒಲೆಗೇ ಹೋಗಬೇಕು. ಬೆಂಗಳೂರಿನ ಹುಡುಗನೊಬ್ಬ, ತೂತು ಇದ್ದರೆ ಚೆಂದವೇ ಅಲ್ಲವೇ, ಡಿಸೈನ್ ಥರ ಇದೆ ಅಂದ. ಆಚಾರ್ರು ತಲೆಯೆತ್ತಲಿಲ್ಲ. “ಒಳಗೆ ಹುಳ ಬಿಟ್ಕೊಂಡು ಟೇಬಲ್ ಮಾಡಿದ್ರೆ, ಊಟಕ್ಕೆ ಕೂತೋರಿಗೆ ಮೊದ್ಲು ಅದೇ ಬಡ್ಸುತ್ತೆ ಮಾರಾಯ.” ಬುಡದ ಹತ್ತಿರದ ಗೆಣ್ಣು ಹುಳ ಮುಟ್ಟದೆ ಉಳಿದಿದ್ದರೆ ಅದು ಬಲಕ್ಕೆ. ಹಳೇ ಬ್ಲಾಕು ಮರುನಾಟಿಗೆ ಕಿತ್ತಾಗ ಸಿಗುವ ರೊಬಸ್ಟಾ ಬೊಡ್ಡೆಯಂತೂ ಸೀದಾ ಬಲಕ್ಕೆ, ಬೋರರ್ ಸಾಮಾನ್ಯವಾಗಿ ರೊಬಸ್ಟಾ ತಂಟೆಗೆ ಹೋಗುವುದಿಲ್ಲ. ದಪ್ಪದಲ್ಲೂ ಅದು ಅರೇಬಿಕಾಕ್ಕಿಂತ ಮೇಲು.

ಒಂದು ಟೀಪಾಯಿ ಆಗುವುದನ್ನು ಹತ್ತಿರದಿಂದ ನೋಡಿದೆ. ರೊಬಸ್ಟಾ ಬೊಡ್ಡೆಯನ್ನು ತಲೆಕೆಳಗು ಮಾಡಿ, ಬೇರುಗಳು ಮೇಲೆ ಕೈ ಚಾಚಿದ ಹಾಗೆ ನಿಲ್ಲಿಸುತ್ತಾರೆ. ತೊಗಟೆ ಸುಲಿಯುವುದು ಬಾಚಿಯಲ್ಲಿ, ಬೇರಿನ ಸಂದಿಯ ಮಣ್ಣು ತೆಗೆಯುವುದು ಹಳೇ ಟೂತ್‌ಬ್ರಷ್ಷಿನಲ್ಲಿ. ಸಂದಿಗೊಂದಿಗೆ ಉಪ್ಪುಕಾಗದ ತಿಕ್ಕುವುದಕ್ಕೇ ಒಂದು ದಿನ ಬೇಕು. ಹರಟೆಗೆ ಇದಕ್ಕಿಂತ ಹೇಳಿ ಮಾಡಿಸಿದ ಕೆಲಸ ಸಿಗಲಾರದು. ಕಷ್ಟವಿರುವುದು ಕಾಲು ಸಮ ಮಾಡುವುದರಲ್ಲಿ. ಎಲ್ಲಿಯೂ ನೇರವಿಲ್ಲದ ಬೊಡ್ಡೆಗೆ ಮೂಲೆಮಟ್ಟ ಹಿಡಿದು ಏನೂ ಆಗುವುದಿಲ್ಲ. ಆಚಾರ್ರು ಅಗಲ ಬಾಯಿಯ ಪಾತ್ರೆಗೆ ನಾಲ್ಕು ಬೆರಳು ನೀರು ತುಂಬಿ, ಬೊಡ್ಡೆಯನ್ನು ಹೇಗೆ ನಿಲ್ಲಬೇಕೋ ಹಾಗೆ ಹಿಡಿದು ಅದ್ದಿ ಎತ್ತಿದರು. ನೆಂದ ಗೆರೆ ಸುತ್ತಲೂ ಒಂದೇ ಮಟ್ಟದಲ್ಲಿ ಮೂಡಿತು. ಆ ಗೆರೆಯ ಮೇಲೆ ಗರಗಸ ನಡೆಯಿತು. ನೀರು ತುಂಬುವ ಹಬ್ಬದ ದಿನ ಇದಕ್ಕೂ ನೀರು ಬೇಕಾಯಿತಲ್ಲ ಎಂದು ಮೇಷ್ಟ್ರು ಖುಷಿಪಟ್ಟರು.

ಮೇಲೆ ಕೂರಿಸುವ ಹಲಗೆ ಸಿಲ್ವರ್ ಮರದ್ದು. ಆಸ್ಟ್ರೇಲಿಯಾದಿಂದ ಬಂದು ಮಲೆನಾಡಿನ ತೋಟಗಳಲ್ಲಿ ಕಾಳುಮೆಣಸಿನ ಬಳ್ಳಿ ಹೊತ್ತು ನಿಂತ ಈ ಮರವನ್ನು ಕಡಿಯಲು ಕರ್ನಾಟಕದ 1976ರ ಮರ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಡ. ಬೀಟೆಗಾದರೆ ಬೇಕು, ಸ್ವಂತ ತೋಟದಲ್ಲಿ ನೆಟ್ಟಗೆ ನಿಂತ ಬೀಟೆಯನ್ನು ನೋಡುತ್ತಾ ಸಿಲ್ವರ್ ಹಲಗೆಗೆ ವಾರ್ನಿಷ್ ಹೊಡೆಯುವುದು ಇಲ್ಲಿಯವರಿಗೆ ಅಭ್ಯಾಸವಾಗಿದೆ.

ಮರದ ಕುಸುರಿ ಎಂದರೆ ನಮಗೆ ತಟ್ಟನೆ ನೆನಪಾಗುವುದು ಸಾಗರ, ಸೊರಬದ ಗುಡಿಗಾರರ ಶ್ರೀಗಂಧದ ಕೆತ್ತನೆ. ಕುದುರೆಮುಖದ ದಾರಿಯಲ್ಲಿ ಘಾಟಿ ಇಳಿದರೆ ಕಾರ್ಕಳದ ಬಳಿ ಮಿಯಾರಿನಲ್ಲಿ ಸಿ.ಇ. ಕಾಮತ್ ಸಂಸ್ಥೆ ಮರ, ಕಲ್ಲು, ಲೋಹದ ಕೆತ್ತನೆಯನ್ನು ಶಾಸ್ತ್ರೋಕ್ತವಾಗಿ ಕಲಿಸುತ್ತದೆ. ಕಾಫಿ ಬೊಡ್ಡೆಗೆ ಅಂಥ ಪರಂಪರೆಯಿಲ್ಲ, ಶಾಸ್ತ್ರವೂ ಇಲ್ಲ. ಅದು ಟಿಂಬರ್ ಲೆಕ್ಕಕ್ಕೇ ಬರುವುದಿಲ್ಲ. ಒಂದು ಮಾರುದ್ದದ ನೇರ ತುಂಡು ಸಿಕ್ಕಿದರೆ ಭಾಗ್ಯ. ಮರದ ವ್ಯಾಪಾರಿ ಅದನ್ನು ಸೌದೆಯ ದರಕ್ಕೆ ಕೇಳುತ್ತಾನೆ. ರೆಸಾರ್ಟುಗಳ ಹಾಲ್‌ನಲ್ಲಿ ಇತ್ತೀಚೆಗೆ ಗಾಜು ಹೊತ್ತ ಕಾಫಿ ಬೊಡ್ಡೆಗಳು ಕಾಣುತ್ತವೆ, ಹೊಳಪು ಜಾಸ್ತಿಯಾಗಿ ಪ್ಲಾಸ್ಟಿಕ್ಕಿನ ಹಾಗೆ. ನನಗೆ ಹಿಡಿಸುವುದು ಜೇನುಮೇಣ ತಿಕ್ಕಿದ್ದು. ಬೊಡ್ಡೆ ಒಂದರ ಹಾಗೆ ಇನ್ನೊಂದಿರುವುದಿಲ್ಲ, ಒಂದಕ್ಕೇ ಎರಡು ದಿನ ಹೋಗುತ್ತದೆ. ಕೂಲಿ ಲೆಕ್ಕ ಹಾಕಿದರೆ ಯಾರಿಗೂ ಗಿಟ್ಟುವುದಿಲ್ಲ. ಹಬ್ಬಕ್ಕೆ ಬಂದವರು ಹರಟುತ್ತಾ ಮಾಡಿದರೆ ಮಾತ್ರ ಗಿಟ್ಟುತ್ತದೆ.

ಟೀಪಾಯಿ ಒಂದೇ ಅಲ್ಲ. ಬಟ್ಟೆ ಗೂಟ, ಊರುಗೋಲು, ಉಪ್ಪಿನಕಾಯಿ ಚಮಚ, ಕಡಗೋಲು ಆಗುತ್ತವೆ. ಮನೆಯಾಕೆ ಮಾತ್ರ ಬೊಡ್ಡೆ ಬಿಟ್ಟು ಹಲಸಿನ ಹಲಗೆಯಲ್ಲಿ ಚನ್ನೆಮಣೆ ತೋಡುತ್ತಿದ್ದಾರೆ. ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಯಿ, ಒಟ್ಟು ಐವತ್ತಾರು. ಗುಳಿಯ ಆಳ ಒಂದೇ ಇರಬೇಕು, ಇಲ್ಲದಿದ್ದರೆ ಬೆರಳಿಗೆ ಕಾಯಿ ಒಂದೇ ಏಟಿಗೆ ಸಿಗುವುದಿಲ್ಲ. ಅಳತೆಗೆ ಅವರು ಇಟ್ಟುಕೊಂಡದ್ದು ಅರ್ಧ ನಿಂಬೆಹಣ್ಣು. ಅವರ ಅತ್ತೆ, ಎಂಬತ್ತು ದಾಟಿದವರು, ಒಂಬತ್ತನೇ ಗುಳಿಗೆ ಬೆರಳಿಟ್ಟು “ಇದು ಸಾಲ್ದು ಕಣೇ” ಅಂದರು. ಅಳೆದು ನೋಡಿದರೆ ಸಾಲದ್ದೇ.

ಮಧ್ಯಾಹ್ನಕ್ಕೆ ಸೌತೆಕಾಯಿ ಕಡುಬು. ಸಂಜೆ ಹಂಡೆ ತೊಳೆದು, ಹಿಂಡ್ಲೆ ಬಳ್ಳಿ ಸುತ್ತಿ, ನೀರು ತುಂಬಿ ಪೂಜೆ. ಮರುದಿನ ಬೆಳಗಿನ ಜಾವ ನಾಲ್ಕಕ್ಕೇ ಹಂಡೆ ಒಲೆಗೆ ಬೋರರ್ ಗಿಡಗಳು ಹೋದವು. ಕಾಫಿ ಸೌದೆ ನಿಧಾನವಾಗಿ, ಕೆಂಡ ಹಿಡಿದು ಉರಿಯುತ್ತದೆ. ಒಂದು ತುಂಡಿನ ತುದಿಯಿಂದ ನೊರೆ ಉಕ್ಕಿತು, ಆಮೇಲೆ ಸಣ್ಣಗೆ ಚಿಟಿಚಿಟಿ. ತೋಟದ ಯಜಮಾನರು ಒಲೆಯ ಮುಂದೆ ಮೈತುಂಬಾ ಎಣ್ಣೆ ಹಚ್ಚಿಕೊಂಡು ಕೂತು, “ಇವೇ ನೋಡಿ, ಮುನ್ನೂರ ಹದಿನೇಳು ಗಿಡ” ಎಂದರು. ಅವರು ಎಣಿಸಿಟ್ಟಿದ್ದರು. ನರಕಾಸುರನ ಕತೆ ಯಾರಿಗೂ ಬೇಕಾಗಲಿಲ್ಲ.

ಬಲಿಪಾಡ್ಯಮಿಯ ದಿನ ಗೋಪೂಜೆ. ಶೇಡಿಯಲ್ಲಿ, ಕೆಮ್ಮಣ್ಣಿನಲ್ಲಿ ಲೋಟದ ಬಾಯಿ ಅದ್ದಿ ದನದ ಮೈಗೆಲ್ಲ ಉಂಗುರ ಒತ್ತಿದ್ದಾಯಿತು, ಅಡಿಕೆ ಸರ ಕಟ್ಟಿದ್ದಾಯಿತು. ಕತ್ತಲಾದ ಮೇಲೆ ಕೋಲಿನ ತುದಿ ಸೀಳಿ ಎಣ್ಣೆಬತ್ತಿ ಸಿಕ್ಕಿಸಿ ಗದ್ದೆ ಬದುವಿಗೆ, ಗೊಬ್ಬರಗುಂಡಿಗೆ ನೆಟ್ಟು ಬಂದೆವು.

ಹೊರಡುವ ಮುನ್ನ ಈ ವರ್ಷದ ಬೊಡ್ಡೆಗಳನ್ನು ಅಟ್ಟಕ್ಕೆ ಏರಿಸುವ ಕೆಲಸ ಬಾಕಿಯಿತ್ತು. ಮನೆಯಾಕೆ ಸೀಮೆಸುಣ್ಣ ಹಿಡಿದು, ಯಾವುದು ಯಾರದು ಎಂದು ಕೇಳಿ ಗುರುತು ಹಾಕುತ್ತಿದ್ದರು. ನಾನು ಎರಡು ಕವಲಿನ ಒಂದನ್ನು ತೋರಿಸಿದೆ. “ಅದು ಸೀಳುತ್ತೆ” ಎಂದರು ಆಚಾರ್ರು, ಜಗಲಿಯಿಂದಲೇ. ಮನೆಯಾಕೆ ನನ್ನ ಮುಖ ನೋಡಿದರು, ಗುರುತು ಹಾಕಿ, ಮೇಣವನ್ನು ಎರಡು ಪದರ ಬಳಿದು, ಅಟ್ಟದಲ್ಲಿ ಹಿಂದಿನ ಸಾಲಿಗೆ ತಳ್ಳಿದರು.