ಡೈರಿ ಚೀಟಿಯೊಳಗೆ ಏನಿದೆ?

ಈ ಸಲ ಜೂನ್ ತಿಂಗಳಲ್ಲಿ ನಮ್ಮ ಸೀಮೆ ಹಸುವಿನ ಹಾಲಿನ ಫ್ಯಾಟು 4.0ರಿಂದ 3.4ಕ್ಕೆ ಇಳೀತು. ಫ್ಯಾಟು ಇಳಿದರೆ ದುಡ್ಡೂ ಇಳಿಯುತ್ತೆ. "ಆ ಮಿಷನ್ನೇ ಸರಿಯಿಲ್ಲ" ಅಂತ ಅವ್ವ ಬೈದಳು.

ಅವ್ವ ಡೈರಿ ಚೀಟಿಗಳನ್ನೆಲ್ಲ ತಂತಿಗೆ ಚುಚ್ಚಿ ಇಟ್ಟಿದ್ದಳು. ನಾನು ಮೂರು ತಿಂಗಳ ಚೀಟಿ ಬಿಚ್ಚಿ ತಾರೀಖು, ಬೆಳಿಗ್ಗೆ, ಸಂಜೆ, ಲೀಟರು, ಫ್ಯಾಟು ಅಂತ ಗೆರೆ ಹಾಕಿ ಬರೆದೆ. ಆ ವಾರ ಹಸುವಿಗೆ ಏನು ಹಾಕಿದ್ವಿ ಅಂತ ಕೇಳಿ ಪಕ್ಕದಲ್ಲಿ ಬರೆದೆ. ಬೆಳಿಗ್ಗೆ ಹಾಲು ಜಾಸ್ತಿ, ಫ್ಯಾಟು ಕಡಿಮೆ; ಸಂಜೆ ಉಲ್ಟಾ. ರಾತ್ರಿ ಹೆಚ್ಚು ಹೊತ್ತು ಕರೆಯದೆ ಬಿಡುವುದರಿಂದ ಹೀಗಾಗುತ್ತೆ. ಇನ್ನೊಂದು ಸಂಗತಿಯೂ ಕಂಡಿತು. ರಾಗಿ ಹುಲ್ಲಿನ ಮೆದೆ ಮುಗಿದು, ಬರೀ ಎಳೇ ಹಸಿ ಹುಲ್ಲು ಹಾಕಲು ಶುರು ಮಾಡಿದ ವಾರದಿಂದಲೇ ಫ್ಯಾಟು ಇಳಿದಿತ್ತು!

ಇದನ್ನೇ ಕಂಪ್ಯೂಟರಿನಲ್ಲಿ ದೊಡ್ಡದಾಗಿ ಮಾಡಿದರೆ ಡೇಟಾ ಮೈನಿಂಗ್, ಅಂದರೆ ದತ್ತಾಂಶ ಗಣಿಗಾರಿಕೆ. ಮಣ್ಣು ಅಗೆದು ಅದಿರು ತೆಗೆದ ಹಾಗೆ, ಹಳೇ ಲೆಕ್ಕದ ರಾಶಿಯಲ್ಲಿ ಅಡಗಿದ ಸಂಬಂಧ ಹುಡುಕುವುದು. ಯಾವ ಸಾಮಾನು ಕೊಂಡವರು ಜೊತೆಗೆ ಇನ್ನೇನು ಕೊಳ್ಳುತ್ತಾರೆ ಅಂತ ಅಂಗಡಿ ಬಿಲ್ಲುಗಳಿಂದ ಕಂಡುಹಿಡಿಯುವ ದಾರಿಯನ್ನು 1993ರಲ್ಲಿ ರಾಕೇಶ್ ಅಗ್ರವಾಲ್ ಮತ್ತು ಸಂಗಡಿಗರು ತೋರಿಸಿದರು. ಏನು ಎಷ್ಟು ತರಿಸಬೇಕು, ಯಾವುದರ ಪಕ್ಕ ಯಾವುದನ್ನು ಇಡಬೇಕು ಅಂತ ಅಂಗಡಿಯವರು ಇದರಿಂದ ತೀರ್ಮಾನ ಮಾಡಬಹುದು.

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಿಂದ ಹಾಸನದ ಡೈರಿಗೆ ಹಾಲು ಹೋಗುತ್ತಲ್ಲ, ಆ ಲೆಕ್ಕವನ್ನೆಲ್ಲ ವರ್ಷಗಟ್ಟಲೆ ಕೂಡಿಟ್ಟು ನೋಡಿದರೆ? ಯಾವ ತಿಂಗಳು ಹಾಲು ಜಾಸ್ತಿ, ಯಾವ ದಾರಿಗೆ ದೊಡ್ಡ ಟ್ಯಾಂಕರ್ ಬೇಕು, ಎಷ್ಟು ಹಾಲನ್ನು ಪುಡಿ ಮಾಡಬೇಕು ಅಂತ ಮುಂಚೆಯೇ ಅಂದಾಜು ಸಿಗುತ್ತೆ. ಹಾಲು ಯಾರಿಗೂ ಕಾಯಲ್ಲ, ಒಡೆದುಹೋಗುತ್ತೆ.

ಆದರೆ ಇಲ್ಲೊಂದು ಮೋಸ ಹೋಗುವ ಜಾಗವಿದೆ. ಫ್ಯಾಟು ಇಳಿದ ವಾರವೇ ನಮ್ಮ ಶಾಲೆಯೂ ಶುರುವಾಗಿತ್ತು. ಹಾಗಂತ ಶಾಲೆಯಿಂದ ಫ್ಯಾಟು ಇಳೀತು ಅನ್ನೋಕಾಗುತ್ತಾ? ಎರಡು ಒಟ್ಟಿಗೆ ನಡೆದರೆ ಒಂದರಿಂದ ಇನ್ನೊಂದು ಆಯಿತು ಅಂತಲ್ಲ. ಅದಕ್ಕೇ ಪಶು ಡಾಕ್ಟರನ್ನು ಕೇಳಿದೆ. ಮೇವಿನಲ್ಲಿ ನಾರು ಕಡಿಮೆಯಾದರೆ ಹಾಲಿನ ಕೊಬ್ಬು ಇಳಿಯುತ್ತೆ ಅಂದರು. ಚನ್ನರಾಯಪಟ್ಟಣದ ಕಡೆ ಇರುವ ಸೋದರಮಾವನ ಮನೆಯಿಂದ ಒಂದು ಗಾಡಿ ರಾಗಿ ಹುಲ್ಲು ತಂದು, ಹಸಿ ಹುಲ್ಲಿನ ಜೊತೆ ಬೆರೆಸಿ ಹಾಕಿದೆವು. ಎರಡು ವಾರ ಕಳೆಯುವಷ್ಟರಲ್ಲಿ ಫ್ಯಾಟು 3.8 ಬಂತು.

ಮಿಷನ್ನಿನ ಮೇಲೆ ಅವ್ವನಿಗೆ ಅನುಮಾನ ಇನ್ನೂ ಹೋಗಿಲ್ಲ. ಆದರೆ ಈಗ ಚೀಟಿ ತಂದ ತಕ್ಷಣ "ಬರ್ಕೋ" ಅಂತ ನನ್ನ ಕೈಗೇ ಕೊಡುತ್ತಾಳೆ.