ಸಾರಥ್ಯದ ಹೊಣೆ

‘ವಾಹನ’ ಎಂಬುದು ಸಂಸ್ಕೃತದ ‘ವಹ್’ ಧಾತುವಿನಿಂದ ನಿಷ್ಪನ್ನವಾದ ಶಬ್ದ. ಹೊರುವುದು, ಒಯ್ಯುವುದು ಎಂಬುದು ಆ ಧಾತುವಿನ ಅರ್ಥ. ಮನುಷ್ಯನನ್ನೂ ಅವನ ಸರಕನ್ನೂ ಹೊತ್ತು ಸಾಗಿಸುವುದೇ ವಾಹನ. ಆದರೆ ವಾಹನವು ಹೊರುವುದು ಭಾರವನ್ನು ಮಾತ್ರ. ಹೊಣೆಯನ್ನು ಹೊರತಕ್ಕವನು ಸಾರಥಿ. ಕಠೋಪನಿಷತ್ತು ದೇಹವನ್ನು ರಥಕ್ಕೂ, ಇಂದ್ರಿಯಗಳನ್ನು ಕುದುರೆಗಳಿಗೂ, ಮನಸ್ಸನ್ನು ವಾಘೆಗೂ, ಬುದ್ಧಿಯನ್ನು ಸಾರಥಿಗೂ ಹೋಲಿಸಿದೆ. ಸಾರಥಿಗೆ ವಿವೇಕವಿಲ್ಲದಿದ್ದರೆ ಕುದುರೆಗಳ ವೇಗವೇ ರಥಕ್ಕೆ ಶತ್ರುವಾಗುತ್ತದೆಂಬುದು ಈ ಹೋಲಿಕೆಯ ತಾತ್ಪರ್ಯ. ತತ್ತ್ವಕ್ಕಾಗಿ ಹೇಳಿದ ಆ ಮಾತು ಇಂದು ಬೀದಿಬೀದಿಯಲ್ಲಿ ಅಕ್ಷರಶಃ ನಿಜವಾಗುತ್ತಿರುವುದು ವಿಷಾದದ ಸಂಗತಿ.

ಒಂದು ಕಾಲಕ್ಕೆ ಊರಿನ ಒಬ್ಬಿಬ್ಬರು ಶ್ರೀಮಂತರಲ್ಲಿ ಮಾತ್ರ ಕಾಣುತ್ತಿದ್ದ ಮೋಟಾರು ವಾಹನವು ಈಗ ಮನೆಮನೆಯ ಅಂಗಳದಲ್ಲಿ ನಿಂತಿದೆ. ಇದರಿಂದ ಆಗಿರುವ ಉಪಕಾರ ಅಪಾರ. ಹಳ್ಳಿಯ ಹಾಲು ಡೈರಿಗೆ ಹೊತ್ತಿಗೆ ಸರಿಯಾಗಿ ಸೇರುತ್ತದೆ. ರೋಗಿ ಆಸ್ಪತ್ರೆಯನ್ನು ಬೇಗನೆ ತಲಪುತ್ತಾನೆ. ದೂರದ ವಿದ್ಯಾರ್ಥಿಗೆ ಶಾಲೆ ಹತ್ತಿರವಾಗಿದೆ. ಆದರೆ ಈ ಸೌಕರ್ಯಕ್ಕೆ ನಾಡು ತೆರುತ್ತಿರುವ ಬೆಲೆಯೂ ಅಷ್ಟಿಷ್ಟಲ್ಲ. ಕೇಂದ್ರ ಸರ್ಕಾರದ ರಸ್ತೆ ಸಾರಿಗೆ ಸಚಿವಾಲಯವು ಪ್ರಕಟಿಸಿದ ಲೆಕ್ಕದಂತೆ 2022ನೆಯ ಇಸವಿಯೊಂದರಲ್ಲಿಯೇ ಭಾರತದಲ್ಲಿ 4,61,312 ರಸ್ತೆ ಅಪಘಾತಗಳು ಸಂಭವಿಸಿ 1,68,491 ಜನರು ಮಡಿದರು. 4,43,366 ಜನರು ಗಾಯಗೊಂಡರು. ದಿನವೊಂದಕ್ಕೆ 460ಕ್ಕೂ ಮಿಕ್ಕ ಸಾವು. ಮಡಿದವರಲ್ಲಿ ನೂರಕ್ಕೆ 44ರಷ್ಟು ಜನರು ದ್ವಿಚಕ್ರ ವಾಹನಗಳಲ್ಲಿ ಹೋಗುತ್ತಿದ್ದವರು. ಹದಿನೆಂಟು ತುಂಬದ ಮಕ್ಕಳೇ 9,500ಕ್ಕೂ ಹೆಚ್ಚು. ಐನೂರು ಮಕ್ಕಳು ಓದುವ ಹತ್ತೊಂಬತ್ತು ಶಾಲೆಗಳು ಒಂದೇ ವರ್ಷದಲ್ಲಿ ಬರಿದಾದವೆಂದು ಭಾವಿಸಿದರೆ ಈ ಅಂಕಿಯ ಭಾರ ಮನಸ್ಸಿಗೆ ತಟ್ಟೀತು.

ರಸ್ತೆಯ ಸಾವಿಗೆ ಹಿರಿಯರು ಕಿರಿಯರೆಂಬ ಭೇದವಿಲ್ಲ. ಕನ್ನಡ ಚಿತ್ರರಂಗ ಹಾಗೂ ರಂಗಭೂಮಿಗಳ ದೊಡ್ಡ ಭರವಸೆಯಾಗಿದ್ದ ಶಂಕರ್ ನಾಗ್ ಅವರು 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿಯ ಆನಗೋಡಿನಲ್ಲಿ ಕಾರು ಅಪಘಾತಕ್ಕೆ ಈಡಾದಾಗ ಅವರಿಗೆ ಕೇವಲ 35 ವರ್ಷ. ಅವರಿಂದ ಇನ್ನೂ ಆಗಬೇಕಾಗಿದ್ದ ಕೆಲಸಗಳಿಗೆ ನಾಡು ಇಂದಿಗೂ ಮರುಗುತ್ತಿದೆ. ಪ್ರಸಿದ್ಧರ ಸಾವಿಗೆ ಮರುಗುವವರು ಲಕ್ಷ ಮಂದಿ. ಹೆಸರಿಲ್ಲದವನ ಸಾವಿಗೆ ಮರುಗುವವರು ಅವನ ಮನೆಯವರು ಮಾತ್ರ. ಆದರೆ ನಷ್ಟ ಎರಡೆಡೆಯೂ ಒಂದೇ.

‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ಎಲ್ಲರ ಬಾಯಲ್ಲಿದೆ. ವಿರಾಟರಾಜನ ಗೋವುಗಳನ್ನು ಕೌರವರು ಹಿಡಿದಾಗ ಉತ್ತರಕುಮಾರನು ಅಂತಃಪುರದ ಹೆಂಗಳೆಯರ ಮುಂದೆ ಶೌರ್ಯವನ್ನು ಕೊಚ್ಚಿಕೊಂಡು ರಥವೇರಿದನು. ಶತ್ರುಸೇನೆ ಕಣ್ಣಿಗೆ ಬಿದ್ದೊಡನೆ ಎದೆಗುಂದಿ ರಥದಿಂದ ಧುಮುಕಿ ಓಡಿದನು. ಅವನಲ್ಲಿ ಉತ್ಸಾಹಕ್ಕೆ ಕೊರತೆಯಿರಲಿಲ್ಲ, ರಥಕ್ಕೂ ಕೊರತೆಯಿರಲಿಲ್ಲ, ಕೊರತೆಯಿದ್ದುದು ಪಕ್ವತೆಗೆ. ಗೆಳೆಯರೆದುರು ಮೆರೆಯಬೇಕೆಂಬ ಹಂಬಲದಿಂದ ಅಪ್ಪನ ಬೈಕನ್ನೇರಿ ಹೆದ್ದಾರಿಗಿಳಿಯುವ ಹದಿನೈದರ ಹುಡುಗನು ಈ ಕಾಲದ ಉತ್ತರಕುಮಾರನೇ ಸರಿ. ಭೇದವಿಷ್ಟೇ: ಉತ್ತರನಿಗೆ ಧುಮುಕಲು ಅವಕಾಶವಿತ್ತು, ವೇಗದಲ್ಲಿರುವ ಬೈಕಿನಿಂದ ಧುಮುಕಲು ಅವಕಾಶವಿಲ್ಲ.

ಹಿಂದೆ ಹಳ್ಳಿಗಾಡಿನಲ್ಲಿ ಎತ್ತಿನ ಗಾಡಿಯನ್ನು ಹುಡುಗರ ಕೈಗೆ ಕೊಡುವುದಕ್ಕೂ ಒಂದು ಕ್ರಮವಿತ್ತು. ಮೊದಲು ಹಿರಿಯರ ಪಕ್ಕದಲ್ಲಿ ಕುಳಿತು ನೋಡಬೇಕು. ಬಳಿಕ ಬರಿಯ ಗಾಡಿಯನ್ನು ಹೊಡೆಯಬೇಕು. ಅದರಲ್ಲಿ ನುರಿತ ಮೇಲೆಯೇ ಹೇರಿನ ಗಾಡಿ ಕೈಗೆ ಬರುತ್ತಿದ್ದಿತು. ಅಷ್ಟಾಗಿಯೂ ಗಾಡಿಯವನಿಗೆ ತೂಕಡಿಕೆ ಬಂದರೆ ಪಳಗಿದ ಎತ್ತುಗಳು ದಾರಿ ತಪ್ಪದೆ ಮನೆ ಸೇರಿಸುತ್ತಿದ್ದವು. ಎದುರಿಗೆ ಹಳ್ಳ ಕಂಡರೆ ತಾವಾಗಿಯೇ ನಿಲ್ಲುತ್ತಿದ್ದವು. ಮೋಟಾರು ವಾಹನಕ್ಕೆ ಇಂತಹ ಅರಿವು ಇರುವುದಿಲ್ಲ. ಅದಕ್ಕೆ ಕಣ್ಣೂ ಕರುಣೆಯೂ ಬರಬೇಕಾದದ್ದು ನಡೆಸುವವನಿಂದ. ಎತ್ತಿನ ಗಾಡಿಗೆ ಇದ್ದ ಶಿಕ್ಷಣಕ್ರಮ ಅದರ ಹತ್ತಾರು ಪಟ್ಟು ವೇಗದ ಯಂತ್ರಕ್ಕೆ ಇಲ್ಲವಾಗಿರುವುದು ವಿಪರ್ಯಾಸವೇ ಸರಿ.

ವೇಗದ ಸ್ವರೂಪವನ್ನು ಇಲ್ಲಿ ಕೊಂಚ ವಿಚಾರಿಸುವುದು ಉಚಿತ. ವೇಗವು ಇಮ್ಮಡಿಯಾದರೆ ಅಪಾಯವೂ ಇಮ್ಮಡಿಯಾಗುತ್ತದೆಂದು ಸಾಮಾನ್ಯರ ತಿಳಿವಳಿಕೆ. ವಾಸ್ತವದಲ್ಲಿ ಅದು ನಾಲ್ಮಡಿಯಾಗುತ್ತದೆ. ಏಕೆಂದರೆ ಚಲಿಸುವ ವಸ್ತುವಿನ ಶಕ್ತಿಯು ವೇಗದ ವರ್ಗವನ್ನು ಅನುಸರಿಸುತ್ತದೆ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಬಡಿಯುವುದು ಸುಮಾರು 5 ಮೀಟರ್ ಎತ್ತರದಿಂದ ನೆಲಕ್ಕೆ ಬಿದ್ದುದಕ್ಕೆ ಸಮಾನ. ಅದೇ 72 ಕಿಲೋಮೀಟರ್ ವೇಗದಲ್ಲಿ ಬಡಿದರೆ ಸುಮಾರು 20 ಮೀಟರ್, ಎಂದರೆ ಎತ್ತರವಾದ ತೆಂಗಿನ ಮರದ ತುದಿಯಿಂದ ಬಿದ್ದಂತೆ. ತೆಂಗಿನ ಮರವನ್ನು ಹತ್ತಲು ಅಂಜುವವನು ಬೈಕಿನ ಮೇಲೆ ಅಂಜದಿರುವುದು ಅಪಾಯದ ಎತ್ತರ ಅಲ್ಲಿ ಕಣ್ಣಿಗೆ ಕಾಣದ ಕಾರಣದಿಂದ.

ನಿಲ್ಲಿಸುವ ದೂರದ ಲೆಕ್ಕವೂ ಹೀಗೆಯೇ. ಅಡ್ಡ ಬಂದುದನ್ನು ಕಣ್ಣು ಕಂಡು, ಮನಸ್ಸು ಗ್ರಹಿಸಿ, ಕಾಲು ಬ್ರೇಕನ್ನು ಒತ್ತುವಷ್ಟರಲ್ಲಿ ಸುಮಾರು ಒಂದು ಸೆಕೆಂಡು ಕಳೆಯುತ್ತದೆ. ಒಣಗಿದ ಒಳ್ಳೆಯ ಡಾಂಬರು ರಸ್ತೆಯಲ್ಲಿ 36 ಕಿಲೋಮೀಟರ್ ವೇಗದ ಕಾರು ಸುಮಾರು 17 ಮೀಟರಿನಲ್ಲಿ ನಿಂತರೆ, 72 ಕಿಲೋಮೀಟರ್ ವೇಗದ್ದು ನಿಲ್ಲಲು 50 ಮೀಟರಿನಷ್ಟು ಬೇಕು. ರಸ್ತೆ ಒದ್ದೆಯಾಗಿದ್ದರೆ, ಟೈರು ಸವೆದಿದ್ದರೆ, ಇನ್ನೂ ಹೆಚ್ಚು. 72 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡುಗಳ ಕಾಲ ಮೊಬೈಲ್ ಫೋನಿನತ್ತ ಕಣ್ಣು ಹೊರಳಿಸಿದವನು 60 ಮೀಟರ್ ದೂರವನ್ನು, ಎಂದರೆ ನಾಲ್ಕು ಕಬಡ್ಡಿ ಅಂಕಣಗಳ ಉದ್ದಕ್ಕಿಂತ ಹೆಚ್ಚನ್ನು, ಕುರುಡನಾಗಿಯೇ ಕ್ರಮಿಸಿರುತ್ತಾನೆ. ಇಷ್ಟೆಲ್ಲ ಅಪಾಯಕ್ಕೆ ಒಡ್ಡಿಕೊಂಡು ಗಳಿಸುವುದಾದರೂ ಏನು? 20 ಕಿಲೋಮೀಟರ್ ದಾರಿಯನ್ನು 60ರ ಬದಲು 80ರ ವೇಗದಲ್ಲಿ ಕ್ರಮಿಸಿದರೆ ಉಳಿಯುವುದು ಐದೇ ನಿಮಿಷ. 2022ರ ಲೆಕ್ಕದಲ್ಲಿ ಒಟ್ಟು ಸಾವುಗಳ ಪೈಕಿ ನೂರಕ್ಕೆ 71ಕ್ಕೆ ಅತಿವೇಗವೇ ಕಾರಣವೆಂದು ದಾಖಲಾಗಿದೆ.

ಇನ್ನು ದುರಭ್ಯಾಸಗಳನ್ನು ಎಣಿಸಹೊರಟರೆ ಪಟ್ಟಿ ಬೆಳೆಯುತ್ತದೆ. ಒಂದೇ ಬೈಕಿನ ಮೇಲೆ ಮೂವರು ನಾಲ್ವರು ಕೂರುವುದು, ಅರ್ಧ ಮೈಲಿ ಸುತ್ತಬೇಕಾಗುತ್ತದೆಂದು ವಿರುದ್ಧ ದಿಕ್ಕಿನಲ್ಲಿ ನುಗ್ಗುವುದು, ಎದುರಿನವನ ಕಣ್ಣು ಕುಕ್ಕುವಂತೆ ದೀಪ ಉರಿಸುವುದು, ಆಸ್ಪತ್ರೆ ಶಾಲೆಗಳ ಮುಂದೆಯೂ ಕರ್ಕಶವಾಗಿ ಹಾರನ್ ಮಾಡುವುದು, ಕುಡಿದು ನಡೆಸುವುದು. ಈ ಕಡೆಯದಂತೂ ದುರಭ್ಯಾಸಕ್ಕಿಂತ ಮಿಗಿಲಾದ ಅಪರಾಧ. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಕಂಡುಬಂದರೆ ಕಾನೂನು ದಂಡವನ್ನೂ ಸೆರೆವಾಸವನ್ನೂ ವಿಧಿಸುತ್ತದೆ. ಹಳ್ಳಿಗಳಲ್ಲಿ ಬೇರೆ ಬಗೆಯ ಅಲಕ್ಷ್ಯಗಳುಂಟು. ಕಬ್ಬಿನ ಹಂಗಾಮಿನಲ್ಲಿ ಹಿಂಬದಿಯ ದೀಪವಾಗಲಿ ಹೊಳೆಯುವ ಪಟ್ಟಿಯಾಗಲಿ ಇಲ್ಲದ ಟ್ರೇಲರುಗಳನ್ನು ರಾತ್ರಿ ರಸ್ತೆಯಂಚಿನಲ್ಲಿ ನಿಲ್ಲಿಸುವುದು, ಮದುವೆ ದಿಬ್ಬಣವನ್ನು ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಹೋಗುವುದು, ಹುರುಳಿ ರಾಗಿಗಳನ್ನು ಡಾಂಬರು ರಸ್ತೆಯ ಮೇಲೆಯೇ ಹರಡಿ ಒಕ್ಕುವುದು ಇತ್ಯಾದಿ. ಇಂತಹ ಒಕ್ಕಣೆಯ ಮೇಲೆ ಬೈಕು ಜಾರಿ ಬಿದ್ದವರುಂಟು. ಹುಲ್ಲು ಕಾರಿನ ತಳಕ್ಕೆ ಸುತ್ತಿಕೊಂಡು ಬೆಂಕಿ ಹೊತ್ತಿದ್ದೂ ಉಂಟು. ರಸ್ತೆ ಸರ್ವರ ಸೊತ್ತು ಎಂಬುದರ ಅರ್ಥ ಅದು ತನ್ನೊಬ್ಬನದು ಎಂದಲ್ಲ; ತನ್ನೊಬ್ಬನದಲ್ಲ ಎಂದು.

ಈ ಅಭ್ಯಾಸಗಳು ಎಲ್ಲಿಂದ ಬರುತ್ತವೆ? ವಾಹನ ಕಲಿಸುವ ಶಾಲೆಯಿಂದಲ್ಲ, ಮನೆಯಿಂದ. ಸ್ಕೂಟರಿನಲ್ಲಿ ತಂದೆಯ ಮುಂದೆ ನಿಂತು ಹೋಗುವ ನಾಲ್ಕು ವರ್ಷದ ಮಗು ಎಲ್ಲವನ್ನೂ ನೋಡುತ್ತಿರುತ್ತದೆ. ಕೆಂಪು ದೀಪವಿದ್ದಾಗಲೂ ತಂದೆ ಮುನ್ನುಗ್ಗಿದ್ದನ್ನು, ಪೊಲೀಸರನ್ನು ಕಂಡಾಗ ಮಾತ್ರ ಹೆಲ್ಮೆಟ್ ಧರಿಸಿದ್ದನ್ನು, ತಪ್ಪು ತನ್ನದಾದರೂ ಎದುರಿನವನನ್ನೇ ಬೈದದ್ದನ್ನು ಅದು ಪಾಠವೆಂದೇ ಗ್ರಹಿಸುತ್ತದೆ. ಆ ಮಗುವಿಗೆ ಹದಿನಾಲ್ಕು ತುಂಬಿದಾಗ ‘ಅಂಗಡಿಗೆ ಹೋಗಿ ಬಾ’ ಎಂದು ಕೀಲಿಕೈಯನ್ನು ಕೊಡುವವರೂ ಮನೆಯವರೇ. ‘ನಮ್ಮ ಹುಡುಗ ಆಗಲೇ ಗಾಡಿ ಓಡಿಸುತ್ತಾನೆ’ ಎಂದು ನೆಂಟರೆದುರು ಹೆಮ್ಮೆಪಡುವವರೂ ಅವರೇ. ಹೀಗಾಗಿ ಅನೇಕ ಅಪಘಾತಗಳು ರಸ್ತೆಯಲ್ಲಿ ನಡೆಯುವುದಕ್ಕೆ ಎಷ್ಟೋ ದಿನ ಮೊದಲೇ ಮನೆಯ ಪಡಸಾಲೆಯಲ್ಲಿ ಆರಂಭವಾಗಿರುತ್ತವೆ.

ಕಾನೂನು ಈ ಸತ್ಯವನ್ನು ಗುರುತಿಸಿದೆ. 1988ರ ಮೋಟಾರು ವಾಹನಗಳ ಅಧಿನಿಯಮದ ಪ್ರಕಾರ ಹದಿನೆಂಟು ತುಂಬದವರು ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನ ನಡೆಸುವಂತಿಲ್ಲ. 50 ಸಿಸಿ ಮೀರದ ಮೋಟಾರ್ ಸೈಕಲ್ಲಿಗೆ ಮಾತ್ರ ಹದಿನಾರರ ವಿನಾಯಿತಿಯುಂಟು. ಗೇರು ಇಲ್ಲದ್ದೆಂದು ಮಕ್ಕಳ ಕೈಗೆ ಕೊಡುವ ಇಂದಿನ ಪೆಟ್ರೋಲ್ ಸ್ಕೂಟರುಗಳು ಸಾಮಾನ್ಯವಾಗಿ ನೂರು ಸಿಸಿಗೂ ಮೇಲ್ಪಟ್ಟವಾದ್ದರಿಂದ ಅವಕ್ಕೆ ಈ ವಿನಾಯಿತಿ ಸಲ್ಲದು. 2019ರಲ್ಲಿ ಸೇರಿಸಿದ 199ಎ ಪ್ರಕರಣದಂತೆ ಬಾಲಕನು ವಾಹನ ನಡೆಸಿ ಅಪರಾಧವೆಸಗಿದರೆ ಪೋಷಕನು ಅಥವಾ ವಾಹನದ ಮಾಲಿಕನು ತಪ್ಪಿತಸ್ಥನೆಂದು ಭಾವಿಸಲಾಗುತ್ತದೆ. ಅದು ತನಗೆ ತಿಳಿಯದೆ ನಡೆಯಿತೆಂದು, ಇಲ್ಲವೆ ತಡೆಯಲು ತಕ್ಕ ಎಚ್ಚರ ವಹಿಸಿದ್ದೆನೆಂದು ಅವನು ಸಿದ್ಧಪಡಿಸದಿದ್ದರೆ ಮೂರು ವರ್ಷಗಳವರೆಗಿನ ಸೆರೆವಾಸ, 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಬಾಲಕನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸು ದೊರೆಯದು.

ಇದಕ್ಕಿಂತ ದೊಡ್ಡ ವಿಪತ್ತು ವಿಮೆಯ ಕಡೆಯಿಂದ ಬರುತ್ತದೆ. ವಿಮೆ ಇದೆಯಲ್ಲ ಎಂದು ನಿಶ್ಚಿಂತರಾಗಿರುವವರು ಅನೇಕರು. ಲೈಸೆನ್ಸಿಲ್ಲದವನ ಕೈಗೆ ತಿಳಿದೂ ತಿಳಿದೂ ವಾಹನ ಕೊಟ್ಟು ಅಪಘಾತವಾದಾಗ, ಗಾಯಾಳುವಿಗೆ ವಿಮಾ ಕಂಪನಿ ಪರಿಹಾರ ಕೊಟ್ಟರೂ ಆ ಹಣವನ್ನು ಮಾಲಿಕನಿಂದ ವಸೂಲು ಮಾಡಿಕೊಳ್ಳಲು ಅವಕಾಶವಿದೆ. ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಸ್ವರಣ್ ಸಿಂಗ್ ಪ್ರಕರಣದ ತೀರ್ಪಿನಲ್ಲಿ ಈ ವಿಷಯವನ್ನು ವಿವರವಾಗಿ ವಿಮರ್ಶಿಸಿದೆ. ಪರಿಹಾರದ ಮೊತ್ತ ಹಲವು ಲಕ್ಷಗಳಾಗಬಹುದು. ಮಗನ ಅರ್ಧ ಗಂಟೆಯ ಮೋಜಿಗೆ ಹಿರಿಯರು ಗಳಿಸಿದ ಹೊಲಮನೆಗಳನ್ನು ಮಾರಬೇಕಾಗುವುದೆಂದರೆ ಇದೇ.

ಶಿರಸ್ತ್ರಾಣದ ವಿಚಾರದಲ್ಲಿಯೂ ಎರಡು ಮಾತು ಅಗತ್ಯ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದವರು ಹೆಲ್ಮೆಟ್ ಧಾರಣೆಯಿಂದ ಅಪಘಾತದಲ್ಲಿ ಸಾವಿನ ಸಂಭವ ನೂರಕ್ಕೆ 42ರಷ್ಟೂ, ತಲೆಗೆ ಪೆಟ್ಟಾಗುವ ಸಂಭವ ನೂರಕ್ಕೆ 69ರಷ್ಟೂ ತಗ್ಗುತ್ತದೆಂದು ಕಂಡುಕೊಂಡಿದ್ದಾರೆ. ಗದ್ದದ ಪಟ್ಟಿಯನ್ನು ಬಿಗಿಯದೆ ತಲೆಯ ಮೇಲಿರಿಸಿಕೊಂಡರೆ ಅದು ತಲೆಗಿಂತ ಮೊದಲೇ ನೆಲಕ್ಕೆ ಬೀಳುತ್ತದೆ. ತೋಳಿಗೆ ನೇತುಹಾಕಿದರೆ ಕಾಯುವುದು ತೋಳನ್ನು ಮಾತ್ರ. ಹಿಂದೆ ಕುಳಿತ ಹೆಂಡತಿಗೂ ಮಕ್ಕಳಿಗೂ ತಲೆಯುಂಟೆಂಬುದನ್ನು ಸವಾರನು ಮರೆಯಬಾರದು.

ಅಪಘಾತವಾದ ಮೇಲಿನ ನಡತೆಯೂ ಚಾಲಕನ ಧರ್ಮದಲ್ಲಿ ಸೇರಿದೆ. ಗಾಯಾಳುವಿಗೆ ಚಿಕಿತ್ಸೆ ದೊರಕಿಸುವುದು ಚಾಲಕನ ಕರ್ತವ್ಯವೆಂದು ಕಾನೂನೇ ಹೇಳುತ್ತದೆ. ಬಿಟ್ಟು ಓಡುವುದು ಹೇಡಿತನ, ಅಪರಾಧವೂ ಹೌದು. ನೋಡಿದವರು ‘ಪೊಲೀಸು, ಕೋರ್ಟು ಯಾರಿಗೆ ಬೇಕು’ ಎಂದು ಹಿಂಜರಿಯುವ ಕಾರಣವೂ ಈಗ ಉಳಿದಿಲ್ಲ. ನೆರವಾದವರನ್ನು ಪೀಡಿಸಬಾರದೆಂಬ ಮಾರ್ಗಸೂಚಿಗೆ 2016ರಲ್ಲಿ ಸರ್ವೋಚ್ಚ ನ್ಯಾಯಾಲಯ ಮುದ್ರೆಯೊತ್ತಿತು. 2019ರ ತಿದ್ದುಪಡಿಯಲ್ಲಿ ಅದಕ್ಕೆ ಕಾನೂನಿನ ರಕ್ಷಣೆಯೂ ದೊರೆಯಿತು.

‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಎಂಬಂತೆ ಆಗದಿರಬೇಕಾದರೆ ಶಾಲೆ, ಮನೆ, ಸಮಾಜ ಮೂರೂ ಕೈಗೂಡಿಸಬೇಕು. ಪ್ರೌಢಶಾಲೆಯ ಬೇಲಿಯಾಚೆ ಮರದ ಮರೆಯಲ್ಲಿ ನಿಲ್ಲುವ ಬೈಕುಗಳು ಯಾರವೆಂದು ಉಪಾಧ್ಯಾಯರಿಗೆ ತಿಳಿಯದೆ ಇರುವುದಿಲ್ಲ. ಹುಡುಗನನ್ನು ಗದರಿಸಿ ಸುಮ್ಮನಾಗುವ ಬದಲು ತಂದೆತಾಯಿಗಳನ್ನು ಕರೆಸಿ ತಿಳಿಯಹೇಳುವುದು ಫಲಕಾರಿ. ಗಣಿತದ ಪಾಠದಲ್ಲಿ ನಿಲ್ಲುವ ದೂರದ ಲೆಕ್ಕವನ್ನು, ವಿಜ್ಞಾನದ ಪಾಠದಲ್ಲಿ ವೇಗದ ವರ್ಗವನ್ನು ಆಟದ ಬಯಲಿನಲ್ಲಿಯೇ ಅಳೆದು ತೋರಿಸಬಹುದು. ಹಳೆಯ ವಿದ್ಯಾರ್ಥಿಗಳು ಶಾಲೆಗೆ ಬಂದಾಗ ತಾವೇ ಹೆಲ್ಮೆಟ್ ಧರಿಸಿ ಬರಲಿ. ಕಿರಿಯರಿಗೆ ಅದಕ್ಕಿಂತ ಬೇರೆ ಉಪದೇಶ ಬೇಡ. ದಾನಿಗಳು ಪಾಠಶಾಲೆಗೆ ಕೊಠಡಿ ಕಟ್ಟಿಸಿದಷ್ಟೇ ಪುಣ್ಯ, ದೂರದ ಹಳ್ಳಿಯ ಮಕ್ಕಳಿಗೆ ಶಾಲಾ ವಾಹನವನ್ನೋ ಸೈಕಲ್ಲನ್ನೋ ಒದಗಿಸುವುದರಲ್ಲಿಯೂ ಇದೆ. ಬಸ್ಸಿಲ್ಲದ ಊರಿನ ಹುಡುಗನ ಕೈಗೆ ಬೈಕು ಸೇರುವುದು ಕೇವಲ ಮೋಜಿನಿಂದಲ್ಲ, ಅನೇಕ ವೇಳೆ ಅನಿವಾರ್ಯತೆಯಿಂದಲೂ ಎಂಬುದನ್ನು ಮರೆಯಲಾಗದು.

ಉತ್ತರಕುಮಾರನ ಕಥೆ ಅವನ ಓಟದೊಂದಿಗೆ ಮುಗಿಯುವುದಿಲ್ಲ. ಬೃಹನ್ನಳೆಯ ವೇಷದಲ್ಲಿದ್ದ ಅರ್ಜುನನು ಓಡುವ ಹುಡುಗನನ್ನು ಹಿಡಿದು ತಂದು ಧೈರ್ಯ ಹೇಳಿ ರಥದ ವಾಘೆಯನ್ನು ಅವನ ಕೈಗಿತ್ತು ತಾನು ಪಕ್ಕದಲ್ಲಿ ನಿಂತನು. ಒಲೆಯ ಮುಂದೆ ಬಡಾಯಿ ಕೊಚ್ಚಿದ ಆ ಉತ್ತರನೇ ಅಂದು ಅರ್ಜುನನ ಸಾರಥಿಯಾಗಿ ಗೋವುಗಳನ್ನು ಬಿಡಿಸಿಕೊಂಡು ಊರಿಗೆ ಮರಳಿದನು. ತರುಣರಲ್ಲಿ ದೋಷವಿಲ್ಲ, ಪಕ್ಕದಲ್ಲಿ ನಿಲ್ಲಬೇಕಾದ ಹಿರಿಯರು ಇಲ್ಲದಿರುವುದೇ ದೋಷ. ಹದಿನೆಂಟು ತುಂಬುವವರೆಗೆ ಕೀಲಿಕೈಯನ್ನು ತಡೆದಿಡುವ ಗಟ್ಟಿತನವನ್ನೂ, ತುಂಬಿದ ಮೇಲೆ ಜೊತೆಯಲ್ಲಿ ಕುಳಿತು ಕಲಿಸುವ ತಾಳ್ಮೆಯನ್ನೂ ಹಿರಿಯರು ತೋರಿದರೆ, ಬೆಳಿಗ್ಗೆ ಮನೆಯಿಂದ ಹೊರಟ ಮಗು ಸಂಜೆ ಮನೆಗೆ ಮರಳುತ್ತದೆ. ಎಲ್ಲ ವಿದ್ಯೆಗಳಿಗೂ ಮೊದಲು ಆಗಬೇಕಾದ ಕೆಲಸವದು.