ಪೊಲೀಸ್ರಿಗೆ ಯಾರು ಊದಿಸ್ತಾರ?

ಹತ್ತನೇ ತರಗತಿಯಲ್ಲಿ ಎಥನಾಲ್ ಪಾಠ ಮಾಡ್ತಿದ್ದೆ. ಮಾತು ನಮ್ಮ ಜಿಲ್ಲೆಯ ಬಸ್ ದುರಂತದ ಕಡೆ ಹೊರಳಿತು. 2025ರ ಅಕ್ಟೋಬರ್ 24ರ ನಸುಕಿನಲ್ಲಿ ಕರ್ನೂಲಿನ ಹತ್ತಿರ ಚಿನ್ನಟೇಕೂರಿನಲ್ಲಿ, ರಸ್ತೆ ಮೇಲೆ ಬಿದ್ದಿದ್ದ ಬೈಕನ್ನು ಬಸ್ಸೊಂದು ಎಳೆದುಕೊಂಡು ಹೋಗಿ ಬೆಂಕಿ ಹತ್ತಿತು. 19 ಪ್ರಯಾಣಿಕರು ಸುಟ್ಟು ಸತ್ತರು. ಬೈಕ್ ಸವಾರ ಕುಡಿದಿದ್ದ ಅಂತ ವಿಧಿವಿಜ್ಞಾನ ಪರೀಕ್ಷೆ ಹೇಳಿತು.

"ಅದಕ್ಕೇ ಪೊಲೀಸ್ರು ಎಲ್ರಿಗೂ ಊದಿಸ್ತಾರ" ಅಂದ ಒಬ್ಬ ಹುಡುಗ. ಹಿಂದಿನ ಬೆಂಚಿನಿಂದ ಒಂದು ಹುಡುಗಿ ಎದ್ದು ನಿಂತು ಕೇಳಿದಳು: "ಪೊಲೀಸ್ರಿಗೆ ಯಾರು ಊದಿಸ್ತಾರ ಸಾರ್?" ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಅವಳ ಅಪ್ಪ ಕಾನ್‌ಸ್ಟೇಬಲ್.

ಮೊದಲು ಯಂತ್ರದ ವಿಷಯ ನೋಡೋಣ. ಕುಡಿದ ಮದ್ಯ ರಕ್ತ ಸೇರುತ್ತದೆ. ಶ್ವಾಸಕೋಶದ ಗಾಳಿಗೂಡುಗಳಲ್ಲಿ ರಕ್ತದಿಂದ ಸ್ವಲ್ಪ ಎಥನಾಲ್ ಆವಿಯಾಗಿ ಉಸಿರಿಗೆ ಬರುತ್ತದೆ. 1 ಮಿ.ಲೀ. ರಕ್ತದಲ್ಲಿ ಎಷ್ಟು ಎಥನಾಲ್ ಇದೆಯೋ, ಸುಮಾರು 2100 ಮಿ.ಲೀ. ಉಸಿರಿನಲ್ಲೂ ಅಷ್ಟೇ ಇರುತ್ತದೆ ಅಂತ ಯಂತ್ರ ಲೆಕ್ಕ ಹಾಕುತ್ತದೆ. ವಾಹನ ಓಡಿಸುವವರಿಗೆ ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಜೀಪ್ ಓಡಿಸುವ ಪೊಲೀಸರಿಗೂ ಇದೇ ಮಿತಿ.

1954ರಲ್ಲಿ ಬ್ರೆತ್ ಅನಲೈಸರ್ ತಯಾರಿಸಿದ ರಾಬರ್ಟ್ ಬೋರ್ಕೆನ್‌ಸ್ಟೈನ್ ಅಮೆರಿಕದ ಇಂಡಿಯಾನ ರಾಜ್ಯದ ಪೊಲೀಸ್ ಇಲಾಖೆಯವರೇ! ಅದರಲ್ಲಿದ್ದದ್ದು ನಿಮ್ಮ ಪಾಠದ್ದೇ ಕ್ರಿಯೆ: ಆಮ್ಲೀಯ ಪೊಟ್ಯಾಸಿಯಂ ಡೈಕ್ರೋಮೇಟ್ ಎಥನಾಲನ್ನು ಉತ್ಕರ್ಷಿಸಿ ಎಥನೋಯಿಕ್ ಆಮ್ಲ ಮಾಡುತ್ತದೆ, ಕಿತ್ತಳೆ ಬಣ್ಣ ಹಸಿರಿಗೆ ತಿರುಗುತ್ತದೆ. ಇಂದಿನ ಯಂತ್ರಗಳಲ್ಲಿ ಹೆಚ್ಚಾಗಿ ಪ್ಲಾಟಿನಂ ವಿದ್ಯುದಗ್ರದ ಮೇಲೆ ಎಥನಾಲ್ ಉತ್ಕರ್ಷಣೆಯಾಗಿ ವಿದ್ಯುತ್ ಹರಿಯುತ್ತದೆ. ಎಥನಾಲ್ ಹೆಚ್ಚಿದ್ದಷ್ಟೂ ವಿದ್ಯುತ್ ಹೆಚ್ಚು. ಊದಿದವರು ಖಾಕಿ ಹಾಕಿದ್ದಾರೋ ಲುಂಗಿ ಉಟ್ಟಿದ್ದಾರೋ ಪ್ಲಾಟಿನಂಗೆ ಗೊತ್ತಾಗಲ್ಲ.

ಈಗ ಅವಳ ಪ್ರಶ್ನೆ. ಆದೋನಿ ಮೇಲೆ ಹಾದುಹೋಗುವ ರೈಲುಗಳ ಲೋಕೋ ಪೈಲಟ್‌ಗಳು ಡ್ಯೂಟಿಗೆ ಹತ್ತುವ ಮೊದಲು ಊದಬೇಕು. ವಿಮಾನದ ಪೈಲಟ್‌ಗಳೂ ಊದುತ್ತಾರೆ. ಬಂದೂಕು ಹಿಡಿಯುವ ಪೊಲೀಸರ ಕೈಯಲ್ಲೂ ಜನರ ಜೀವ ಇದೆ. 2018ರ ಜುಲೈನಲ್ಲಿ ಪಂಜಾಬ್ ಸರ್ಕಾರ ಪೊಲೀಸರೂ ಸೇರಿ ಎಲ್ಲ ಸರ್ಕಾರಿ ನೌಕರರಿಗೆ ಮಾದಕವಸ್ತು ಪರೀಕ್ಷೆ ಕಡ್ಡಾಯ ಅಂತ ಆದೇಶಿಸಿತು. 2023ರಲ್ಲಿ ಅಸ್ಸಾಂ ಮುಖ್ಯಮಂತ್ರಿ, ಕುಡಿತದ ಚಟ ಬಿಡದ ಸುಮಾರು 300 ಪೊಲೀಸರಿಗೆ ಸ್ವಯಂ ನಿವೃತ್ತಿ ಕೊಡುವುದಾಗಿ ಹೇಳಿದರು.

ಹಾಗಾದ್ರೆ ಎಲ್ಲರಿಗೂ ಊದಿಸಿಬಿಟ್ಟರೆ ಮುಗೀತಾ? ಇಲ್ಲ. 2025ರಲ್ಲಿ ಕೇರಳದ ಪಂದಳಂನಲ್ಲಿ ಸರ್ಕಾರಿ ಬಸ್ ಡ್ರೈವರ್‌ಗಳು ಊದಿದಾಗ ಯಂತ್ರ 'ಕುಡಿದಿದ್ದಾರೆ' ಅಂತ ತೋರಿಸಿತು. ಅವರು ತಿಂದಿದ್ದು ಹಲಸಿನ ಹಣ್ಣು! ಚೆನ್ನಾಗಿ ಕಳಿತ ಹಣ್ಣಿನ ಸಕ್ಕರೆ ಹುದುಗಿ ಸ್ವಲ್ಪ ಎಥನಾಲ್ ಆಗಿರುತ್ತದೆ. ಅದಕ್ಕೇ ಬಾಯಿ ತೊಳೆಸಿ, 15 ನಿಮಿಷ ಬಿಟ್ಟು ಮತ್ತೆ ಊದಿಸಬೇಕು. ಅನುಮಾನ ಇದ್ದರೆ ರಕ್ತ ಪರೀಕ್ಷೆ ಮಾಡಿಸಬೇಕು.

ಮಾದಕವಸ್ತುಗಳಿಗೆ ಮೂತ್ರ ಪರೀಕ್ಷೆ ಇದೆ. ಅದು ಇನ್ನೂ ಸೂಕ್ಷ್ಮ. ಹಬ್ಬಕ್ಕೆ ಗಸಗಸೆ ಪಾಯಸ ಉಂಡವರ ಮೂತ್ರದಲ್ಲೂ ಮಾರ್ಫಿನ್ ಕಾಣಿಸಬಹುದು, ಯಾಕಂದ್ರೆ ಗಸಗಸೆ ಅಫೀಮು ಗಿಡದ್ದೇ ಬೀಜ. ಇಲ್ಲಿ ಪರೀಕ್ಷೆ ಸುಳ್ಳು ಹೇಳಿಲ್ಲ; ನಾವು ಆತುರದಲ್ಲಿ ತಪ್ಪು ಅರ್ಥ ಮಾಡಿಕೊಳ್ಳುತ್ತೇವೆ. ಇದೇ ಕಾರಣಕ್ಕೆ ಅಮೆರಿಕದಲ್ಲಿ 1998ರಲ್ಲಿ ನೌಕರರ ಪರೀಕ್ಷೆಯ ಮಿತಿಯನ್ನು ಮಿ.ಲೀ.ಗೆ 300 ನ್ಯಾನೋಗ್ರಾಂನಿಂದ 2000ಕ್ಕೆ ಏರಿಸಿದರು. ಗಾಂಜಾದ ಕುರುಹು ಕೊಬ್ಬಿನಲ್ಲಿ ಉಳಿದು, ನಿತ್ಯ ಸೇದುವವರಲ್ಲಿ ವಾರಗಟ್ಟಲೆ ಸಿಗುತ್ತದೆ. ಅಂದರೆ ಮೂತ್ರ ಪರೀಕ್ಷೆ 'ಸೇವಿಸಿದ್ದಾರೆ' ಅನ್ನುತ್ತದೆ, 'ಈಗ ಅಮಲಿನಲ್ಲಿದ್ದಾರೆ' ಅನ್ನೋದಿಲ್ಲ. ಆದ್ದರಿಂದ ಮಾದರಿಗೆ ಸೀಲ್ ಹಾಕಬೇಕು, ಎರಡು ಭಾಗ ಮಾಡಬೇಕು, ಪ್ರಯೋಗಾಲಯದಲ್ಲಿ ಇನ್ನೊಂದು ವಿಧಾನದಿಂದ ಖಚಿತಪಡಿಸಬೇಕು. ಒಂದು ತಪ್ಪು ಫಲಿತಾಂಶಕ್ಕೆ ಒಂದು ಮನೆಯ ಅನ್ನ ಹೋಗಬಾರದು.

ಇದನ್ನೆಲ್ಲ ಹೇಳಿದಾಗ ಆ ಹುಡುಗಿ ಕೇಳಿದಳು: "ಯಾರಾದ್ರೂ ನಮ್ಮಪ್ಪ ಕುಡಿದಿದ್ದ ಅಂತ ಸುಳ್ಳು ದೂರು ಕೊಟ್ರೆ?" ಆಗಲೂ ಉಪಯೋಗಕ್ಕೆ ಬರೋದು ಇದೇ ಪರೀಕ್ಷೆ ಅಂದೆ. ಸರಿಯಾಗಿ ಮಾಡಿದ ಪರೀಕ್ಷೆ ತಪ್ಪು ಮಾಡಿದವರನ್ನು ಹಿಡಿಯುತ್ತದೆ, ಮಾಡದವರನ್ನು ಕಾಯುತ್ತದೆ. ಅವಳು ಸಮಾಧಾನವಾಗಿ ಕೂತಳು.

ಮಕ್ಕಳೇ, ಈಗ ನಿಮಗೊಂದು ಲೆಕ್ಕ. ರಾತ್ರಿ 11ಕ್ಕೆ ಒಬ್ಬರ 100 ಮಿ.ಲೀ. ರಕ್ತದಲ್ಲಿ 150 ಮಿ.ಗ್ರಾಂ ಎಥನಾಲ್ ಇದೆ. ಅದು ಗಂಟೆಗೆ ಸುಮಾರು 15 ಮಿ.ಗ್ರಾಂನಂತೆ ಇಳಿಯುತ್ತದೆ. ಅವರು ಚೆನ್ನಾಗಿ ನಿದ್ದೆ ಮಾಡಿ, ಸ್ನಾನ ಮಾಡಿ, ಬೆಳಿಗ್ಗೆ 6ಕ್ಕೆ ಡ್ಯೂಟಿಗೆ ಜೀಪ್ ಓಡಿಸಬಹುದಾ? ಲೆಕ್ಕ ಮಾಡಿ, ಮನೆಯಲ್ಲೂ ತೋರಿಸಿ.